ಜಡ್ಜ್ ಅಂಗಡಿಯ ಟೊಮೆಟೊ ಬೀಜ

ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಅತ್ತಿಗೆ, ನಾದಿನಿ, ಮತ್ತು ಹಿತ್ತಲಲ್ಲಿ ನಿಂತಿದ್ದ ಅಣ್ಣನ ಕಾರು. ಕಾರಿಗೆ ಇಂಜಿನ್ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಬೆಕ್ಕು ನಾಲ್ಕಾರು ತಲೆಮಾರು ಸಂಸಾರ ನಡೆಸಿತ್ತು. 'ಮುಂದಿನ ತಿಂಗಳು ರಿಪೇರಿ' ಎನ್ನುತ್ತಲೇ ಅಣ್ಣ ಹೋಗಿಬಿಟ್ಟಿದ್ದ. ನಾದಿನಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸುವವಳ ಮನೆಯಲ್ಲೇ ಓಡದ ಕಾರಿದೆ ಎಂದು ಜನ ಹಲ್ಲುಬಿಡುತ್ತಿದ್ದರು. ಕೊನೆಗೊಂದು ದಿನ ಗುಜರಿಯವನು ಬಂದು ಅದನ್ನು ಎಳೆದುಕೊಂಡು ಹೋದ. ಬೆಕ್ಕು ಅವನನ್ನು ಬೀದಿಯ ಕೊನೆಯವರೆಗೂ ಬೈಯುತ್ತಾ ಹೋಗಿ ವಾಪಸು ಬಂತು.

ಕಾರು ನಿಂತಿದ್ದ ಜಾಗದಲ್ಲಿ ಕಪ್ಪು ಮಣ್ಣು ಕಾಣಿಸಿತು. ಅತ್ತಿಗೆ ಅದನ್ನು ಕಾಲಿನಿಂದ ಕೆದಕಿ ನೋಡಿ, "ಇಲ್ಲಿ ತರಕಾರಿ ಹಾಕೋಣ ಕಣೆ" ಎಂದಳು.

ಅತ್ತಿಗೆ ಒಂದು ಅಚ್ಚುಕೂಟಕ್ಕೆ ಪ್ರೂಫ್ ನೋಡಿಕೊಡುವವಳು. ಮನೆಯಲ್ಲೇ ಕೂತು ಮದುವೆಯ ಕರೆಯೋಲೆಯಿಂದ ಹಿಡಿದು ಕಾನೂನು ಪುಸ್ತಕದವರೆಗೆ ಎಲ್ಲದರ ತಪ್ಪು ತಿದ್ದುತ್ತಿದ್ದಳು. ತಪ್ಪು ಕಂಡರೆ ಅವಳ ಬೆರಳು ತುರಿಸುತ್ತಿತ್ತು. ಔಷಧಿ ಬಾಟಲಿಯ ಮೇಲಿನ ಕಾಗುಣಿತ ತಿದ್ದಿದ ಮೇಲೇ ಔಷಧಿ ಕುಡಿಯುವ ಹೆಂಗಸು. ನಾದಿನಿಯೂ ದಿನವಿಡೀ ತಪ್ಪು ತಿದ್ದುವವಳೇ, ಆದರೆ ಕಿರುಚಿಕೊಂಡು. ಇಬ್ಬರೂ ಒಂದೇ ಮನೆಯಲ್ಲಿ ಹೇಗೆ ಬದುಕಿದ್ದಾರೆ ಎಂದು ನೆರೆಯವರಿಗೆ ಆಶ್ಚರ್ಯ. ಬದುಕಿದ್ದರು, ಚೆನ್ನಾಗಿಯೇ ಬದುಕಿದ್ದರು.

ತರಕಾರಿ ಸರಿ, ಬೀಜ ಎಲ್ಲಿಂದ ತರುವುದು?

ಉತ್ತರ ಊರಿಗೆಲ್ಲ ಗೊತ್ತಿತ್ತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬೀಜ ಮಾರುವ ಒಂದು ಹಳೆಯ ಅಂಗಡಿಯಿತ್ತು. ಅಲ್ಲಿನ ಬೀಜ ಕಲ್ಲಿನ ಮೇಲೆ ಎಸೆದರೂ ಮೊಳೆಯುತ್ತದೆ ಎನ್ನುತ್ತಿದ್ದರು. ಆದರೆ ಅಂಗಡಿಯವನು ದುಡ್ಡು ಕೊಟ್ಟವರಿಗೆಲ್ಲ ಬೀಜ ಕೊಡುವ ಆಸಾಮಿಯಲ್ಲ. ಮಣ್ಣು ಎಂಥದ್ದು, ನೀರು ಯಾವುದು, ಬಿಸಿಲು ಎಷ್ಟು, ನಾಯಿ ಇದೆಯೇ, ನಡುವೆ ಊರಿಗೆ ಹೋಗುತ್ತೀರಾ ಎಂದು ವಿಚಾರಣೆ ನಡೆಸಿ, ಮನಸ್ಸಿಗೆ ಬಂದರೆ ಕೊಡುತ್ತಿದ್ದ, ಇಲ್ಲವಾದರೆ "ನಿಮ್ ಕೈಲಿ ಆಗಲ್ಲ" ಎಂದು ವಾಪಸು ಕಳಿಸುತ್ತಿದ್ದ. ಹೀಗಾಗಿ ಊರವರು ಅವನಿಗೆ 'ಜಡ್ಜು' ಎಂದು ಹೆಸರಿಟ್ಟಿದ್ದರು.

ಈ ಜಡ್ಜು ನಾದಿನಿಯ ಮಾಜಿ ಗಂಡ.

"ನಾನು ಹೋಗಿ ತರ್ತೀನಿ. ನಂಗೂ ಅವನಿಗೂ ಏನು ಜಗಳ?" ಎಂದಳು ಅತ್ತಿಗೆ.

"ನೀವು ಹೋದ್ರೂ ನಾನೇ ಹೋದಂಗೆ. ಆ ಅಂಗಡಿ ಹೊಸಿಲು ಈ ಮನೆಯವ್ರು ಯಾರೂ ತುಳಿಯೋ ಹಾಗಿಲ್ಲ. ಪ್ರಪಂಚದಲ್ಲಿ ಬೀಜ ಇವನೊಬ್ಬನ ಹತ್ರಾನೇ ಇರೋದಾ?"

ಹಾಗೆ ಪ್ರಪಂಚದ ಹುಡುಕಾಟ ಶುರುವಾಯಿತು.

ಮೊದಲು ಸೂಪರ್ ಮಾರ್ಕೆಟ್. ಅಲ್ಲಿ ಶೇವಿಂಗ್ ಬ್ಲೇಡು ಮತ್ತು ಚೂಯಿಂಗ್ ಗಮ್ಮಿನ ನಡುವೆ ಬೀಜದ ಪೊಟ್ಟಣಗಳು ನೇತಾಡುತ್ತಿದ್ದವು. ಅತ್ತಿಗೆ ಒಂದನ್ನು ಕೈಗೆ ತೆಗೆದುಕೊಂಡು ಕನ್ನಡಕ ಮೇಲೆ ತಳ್ಳಿ, ತಾರೀಖಿನ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಕೆಳಗೆ ಇನ್ನೊಂದು ಚೀಟಿ. ಅದರ ಕೆಳಗೆ ಮತ್ತೊಂದು. "ನಿಮ್ಮಣ್ಣನಿಗೆ ಹೊಟ್ಟೆ ಬರೋಕೆ ಮುಂಚೆ, ಪ್ಯಾಂಟಿಗೆ ಬೆಲ್ಟ್ ಹಾಕ್ತಿದ್ದ ಕಾಲದ ಬೀಜ ಇದು" ಎಂದು ಹೇಳಿ ಅದನ್ನು ಚೂಯಿಂಗ್ ಗಮ್ಮಿನ ಪಕ್ಕ ಇಟ್ಟು ಬಂದಳು.

ಆಮೇಲೆ ನಾದಿನಿ ಫೋನಿನಲ್ಲಿ ತರಿಸಿದಳು. ಚಿತ್ರದಲ್ಲಿ ನೀಲಿ ಟೊಮೆಟೊ, ಗುಂಡು ಸೌತೆ, ತೋಳಿನಷ್ಟುದ್ದ ಬೀನ್ಸ್. ಜೊತೆಗೆ ಬಂದ ಚೀಟಿಯಲ್ಲಿ 'ಭೀಜ ಭಿತ್ತಿ ಭೆಳೆಯಿರಿ' ಎಂದಿತ್ತು. ಅತ್ತಿಗೆ ಅದನ್ನು ಓದಿ ಎದೆ ಹಿಡಿದುಕೊಂಡಳು. ಆದರೂ ಬಿತ್ತಿದರು. ಒಂದೇ ಒಂದು ಗಿಡ ಎದ್ದಿತು. ಇಬ್ಬರೂ ಅದಕ್ಕೆ ಕೋಲು ನೆಟ್ಟು, ದಾರ ಕಟ್ಟಿ, ಬೆಕ್ಕಿನಿಂದ ಕಾಪಾಡಿ, ಮನೆಗೆ ಬಂದವರಿಗೆಲ್ಲ ತೋರಿಸಿದರು. ಗಿಡ ಸೊಂಟದೆತ್ತರ ಬಂದ ಮೇಲೆ ಒಂದು ದಿನ ನಾದಿನಿ ಶಿಷ್ಯನೊಬ್ಬನಿಗೆ ರಿವರ್ಸ್ ಕಲಿಸುತ್ತಾ ಹಿಂದೆ ತಿರುಗಿ ನೋಡಿದಾಗ, ಸ್ಕೂಲಿನ ಕಾಂಪೌಂಡಿನುದ್ದಕ್ಕೂ ಚರಂಡಿ ಪಕ್ಕದಲ್ಲಿ ಅದೇ ಗಿಡ ಸಾಲಾಗಿ ನಿಂತಿತ್ತು. ಶುದ್ಧ ಕಳೆ. ಮನೆಗೆ ಬಂದು ಅತ್ತಿಗೆಗೆ ಏನೂ ಹೇಳದೆ ಅದನ್ನು ಬೇರುಸಹಿತ ಕಿತ್ತೆಸೆದಳು. ಅತ್ತಿಗೆಯೂ ಏನೂ ಕೇಳಲಿಲ್ಲ. ಅವಳಿಗೆ ಮೊದಲೇ ಅನುಮಾನವಿತ್ತು, ದಾರ ಕಟ್ಟುವ ಖುಷಿಗೆ ಸುಮ್ಮನಿದ್ದಳು.

ಮೂರನೆಯದು ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಹಲ್ಲು ಕೀಳುವುದನ್ನು ನಿಲ್ಲಿಸಿದ ಮೇಲೆ ಅವರು ಬೀಜ ಹಂಚುವ ಒಂದು ಬಳಗ ಕಟ್ಟಿದ್ದರು. ಬೀಜ ಪುಕ್ಕಟೆ, ಆದರೆ ಬಳಗ ಪುಕ್ಕಟೆಯಲ್ಲ. ದಿನಾ ಬೆಳಿಗ್ಗೆ ಮಣ್ಣಿನ ಫೋಟೋ ಕಳಿಸಬೇಕು. ಗಿಡದ ಜೊತೆ ಮಾತಾಡಬೇಕು, ಮಾತಾಡಿದ್ದಕ್ಕೆ ವೀಡಿಯೋ ಸಾಕ್ಷಿ ಬೇಕು. ಒಂದು ವಾರ ನಾದಿನಿ ಸಹಿಸಿಕೊಂಡಳು. ಡಾಕ್ಟರು ಖುದ್ದು ತಪಾಸಣೆಗೆ ಬಂದು, ಬಗ್ಗಿ ಮಣ್ಣು ನೋಡಿ, ಅಭ್ಯಾಸಬಲದಿಂದ "ಸ್ವಲ್ಪ ಬಾಯಿ ಅಗಲ ಮಾಡಿ" ಎಂದರು. ನಾದಿನಿ ನಿಜವಾಗಿಯೂ ಬಾಯಿ ಅಗಲ ಮಾಡಿ ಆಡಿದ ನಾಲ್ಕು ಮಾತಿಗೆ, ಬೀಜ ಕೈಗೆ ಬರುವ ಮೊದಲೇ, ಬಳಗದಿಂದ ಅವಳ ಹೆಸರು ಹೊಡೆದುಹಾಕಿದರು.

ಮಣ್ಣು ಮಾತ್ರ ಹಾಗೇ ಖಾಲಿ ಬಿದ್ದಿತ್ತು.

"ನೀನು ಅವನಿಗೆ ಹೆದರ್ಕೋತೀಯ" ಎಂದಳು ಅತ್ತಿಗೆ, ಪ್ರೂಫಿನಿಂದ ತಲೆ ಎತ್ತದೆ.

ಇಷ್ಟು ಸಾಕಾಯಿತು. ಮಾರನೇ ದಿನ ನಾದಿನಿ ಸ್ಕೂಲಿನ ಕಾರನ್ನು ಅದರ ಕೆಂಪು 'ಎಲ್' ಬೋರ್ಡಿನ ಸಮೇತ ಜಡ್ಜಿನ ಅಂಗಡಿಯ ಬಾಗಿಲಿಗೇ ತಂದು ನಿಲ್ಲಿಸಿದಳು.

ಅಂಗಡಿ ಒಂದಿಷ್ಟೂ ಬದಲಾಗಿರಲಿಲ್ಲ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮರದ ಖಾನೆಗಳು, ಹಿಡಿಕೆ ಸವೆದ ತಗಡಿನ ಸೌಟು, ಒಣ ಹುಲ್ಲಿನಂಥ ವಾಸನೆ. ಜಡ್ಜು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಒಬ್ಬ ದಪ್ಪನೆಯ ಬೇಕರಿಯವನ ವಿಚಾರಣೆ ನಡೆಸುತ್ತಿದ್ದ.

"ಬಾಲ್ಕನಿ ಯಾವ ಕಡೆ ಮುಖ?"

"ರಸ್ತೆ ಕಡೆ ಸಾರ್."

"ರಸ್ತೆ ದಿಕ್ಕಲ್ಲ. ಬೆಳಿಗ್ಗೆ ಎದ್ದು ಅಲ್ಲಿ ನಿಂತ್ರೆ ಬಿಸಿಲು ಮುಖಕ್ಕೋ ಬೆನ್ನಿಗೋ?"

"ನಾನು ಬೆಳಿಗ್ಗೆ ಬೇಕರೀಲಿರ್ತೀನಿ ಸಾರ್."

"ಹಾಗಾದ್ರೆ ನೀರು ಯಾರು ಹಾಕ್ತಾರೆ? ನಿಮಗೆ ಬದನೆ ಆಗಲ್ಲ. ಮುಂದಿನವ್ರು. ಏನ್ ಬೇಕಮ್ಮ?"

ನಾದಿನಿ ನಿಂತು ನೋಡುತ್ತಿದ್ದಳು. ಅವಳಿಗೆ ಹೊಟ್ಟೆ ಉರಿಯುತ್ತಿದ್ದುದು ಇದೇ ಕಾರಣಕ್ಕೆ. ಬೇಕರಿಯವನ ಬಾಲ್ಕನಿಯ ಬಗ್ಗೆ ಇಷ್ಟೊಂದು ಕೇಳುವ ಈ ಮನುಷ್ಯ, ಜೊತೆಗಿದ್ದಷ್ಟು ಕಾಲ ಅವಳನ್ನು ಒಂದು ಪ್ರಶ್ನೆ ಕೇಳಿದವನಲ್ಲ. ಊಟ ಆಯ್ತಾ, ಯಾಕೆ ತಡ, ಯಾಕೆ ಅಳ್ತಿದ್ದೀಯ, ಏನೂ ಇಲ್ಲ. ಬಿಟ್ಟು ಹೋಗ್ತೀನಿ ಎಂದಾಗಲೂ ಯಾಕೆ ಎಂದು ಕೇಳಲಿಲ್ಲ. ಚೀಲ ಬಸ್ಸಿನವರೆಗೆ ಹೊತ್ತುಕೊಂಡು ಬಂದು ಬಿಟ್ಟು ಹೋದ.

"ಟೊಮೆಟೊ ಬೀಜ" ಎಂದಳು.

ಜಡ್ಜು ತಲೆ ಎತ್ತಿದ. ಒಂದು ಗಳಿಗೆ ಸೌಟು ಅವನ ಕೈಯಲ್ಲಿ ಹಾಗೇ ನಿಂತಿತು.

"ಬಿಸಿಲು ಎಷ್ಟು ಹೊತ್ತು ಬೀಳತ್ತೆ?" ಎಂದ.

"ಬೇಕಾದಷ್ಟು ಬೀಳತ್ತೆ."

"ನಿಮ್ಮಣ್ಣನ ಮನೆ ಹಿತ್ತಲು ತಾನೆ? ನಂಗೊತ್ತಿಲ್ವಾ ಆ ಹಿತ್ತಲು. ಒಂದ್ಕಡೆ ಮೂರಂತಸ್ತಿನ ಮನೆ, ಇನ್ನೊಂದ್ಕಡೆ ಗೋದಾಮು. ಸೂರ್ಯ ಏನು ನಿಮ್ಮನೆ ಬಾಗಿಲು ತಟ್ಟಿ ಒಳಗೆ ಬರ್ತಾನಾ? ಅಲ್ಲಿ ಬೇಕಾದ್ರೆ ಅಣಬೆ ಬೆಳ್ಕೊಳ್ಳಿ. ಟೊಮೆಟೊ ಕೊಡಲ್ಲ."

ಸಂಸಾರ ಮಾಡುವಾಗ ಅವಳು ಅವನಿಗೆ 'ನೀವು' ಎನ್ನುತ್ತಿದ್ದಳು, ಅವನು 'ನೀನು' ಎನ್ನುತ್ತಿದ್ದ. ಈಗ ಗಿರಾಕಿಯಾಗಿ ಬಂದದ್ದಕ್ಕೆ ಅವನ ಬಾಯಿಂದ ಬಹುವಚನ ಬಂತು. ಅವಳು ಲೆಕ್ಕ ಸರಿಮಾಡಿದಳು.

"ಗೋದಾಮು ಕೆಡವಿ ಕಾಲ ಆಯ್ತು. ನೀನು ಈ ಗೂಡು ಬಿಟ್ಟು ಹೊರಗೆ ಬಂದಿದ್ರೆ ತಾನೆ ಗೊತ್ತಾಗೋದು?"

"ಅದರ ಜಾಗದಲ್ಲಿ ಇನ್ನೂ ಎತ್ತರದ್ದು ಕಟ್ಟಿರ್ತಾರೆ."

"ಕಟ್ಟಿದ್ದಾರೆ."

"ಮತ್ತೆ?"

"ಕೊಟ್ಬಿಡಿ ಸಾರ್, ಒಂದು ಪೊಟ್ಟಣ ತಾನೆ" ಎಂದು ಬೇಕರಿಯವನು ನಡುವೆ ಬಾಯಿ ಹಾಕಿದ.

"ನೀವು ಸುಮ್ನಿರಿ. ನಿಮ್ಮ ಬದನೆ ಕೇಸು ಮುಗಿದಿದೆ."

"ತಾಕತ್ತಿದ್ರೆ ಬಂದು ನೋಡು. ಈಗ್ಲೇ ಬಾ, ಇಳಿಹೊತ್ತಿಗೆ ಸರಿಹೋಗತ್ತೆ. ಬಿಸಿಲು ಬೀಳ್ಲಿಲ್ಲಾಂದ್ರೆ ನಾನೇ ಇಲ್ಲಿಗೆ ಬಂದು ಎಲ್ಲರ ಮುಂದೆ ಅಣಬೆ ಬೀಜ ಕೊಡಪ್ಪ ಅಂತ ಕೇಳ್ತೀನಿ" ಎಂದಳು ನಾದಿನಿ.

"ಅಣಬೆಗೆ ಬೀಜ ಇರಲ್ಲ" ಎಂದ ಜಡ್ಜು. ಆದರೆ ಎದ್ದು ಅಂಗಡಿಯ ಬಾಗಿಲು ಎಳೆಯತೊಡಗಿದ. ವ್ಯಾಪಾರದ ಹೊತ್ತಿನಲ್ಲಿ ಜಡ್ಜು ಬಾಗಿಲು ಹಾಕಿದ್ದನ್ನು ಆ ರಸ್ತೆ ಎಂದೂ ಕಂಡಿರಲಿಲ್ಲ. ಯಾರೋ ಸತ್ತಿರಬೇಕು ಎಂದು ಎದುರಿನ ಸೈಕಲ್ ಅಂಗಡಿಯವನು ಟೋಪಿ ತೆಗೆದ.

ಹಿತ್ತಲಲ್ಲಿ ಅತ್ತಿಗೆ ಮೂರು ಕುರ್ಚಿ ಹಾಕಿದಳು, ಟೀ ತಂದಳು. ಮೂರೂ ಜನ ದಟ್ಟ ನೆರಳಿನಲ್ಲಿ ಕೂತರು. ಸೂರ್ಯ ಆಗಲೇ ಪಡುವಣದ ಮೂರಂತಸ್ತಿನ ಮನೆಯ ಹಿಂದೆ ಸರಿದಿದ್ದ. ಜಡ್ಜು ಟೀ ಹೀರಿ, ಆಕಾಶ ನೋಡಿ, ಮಣ್ಣು ನೋಡಿ, ತೀರ್ಪು ಬರೆದಾಯಿತು ಎನ್ನುವ ಮುಖ ಮಾಡಿಕೊಂಡ. ನಾದಿನಿ ಕಾಲು ಕುಣಿಸುತ್ತಿದ್ದಳು.

"ಕತ್ತಲೆ ಚೆನ್ನಾಗಿದೆ" ಎಂದ ಜಡ್ಜು. "ಶುಂಠಿ ಹಾಕಬಹುದು."

ಅವನ ಮಾತು ಮುಗಿಯುವ ಹೊತ್ತಿಗೆ ಅವನ ಬೂಟಿನ ತುದಿ ಬೆಳ್ಳಗಾಯಿತು. ಬೆಳಕು ಮಣ್ಣಿನ ಮೇಲೆ ಹರಿದು, ಗೋಡೆ ಹತ್ತಿ, ಮೂವರ ಮುಖಕ್ಕೂ ಹೊಡೆಯಿತು. ಅದು ಬಂದದ್ದು ಮೂಡಣದಿಂದ. ಇಳಿಹೊತ್ತಿನಲ್ಲಿ ಮೂಡಣದಿಂದ ಬಿಸಿಲು! ಜಡ್ಜು ದಿಗ್ಗನೆ ಎದ್ದು ನಿಂತ. ಅವನ ನೆರಳು ಸೂರ್ಯನಿದ್ದ ಕಡೆಗೇ ಉದ್ದಕ್ಕೆ ಬಿದ್ದಿತ್ತು.

ಹಳೆಯ ಗೋದಾಮಿನ ಜಾಗದಲ್ಲಿ ಕಣ್ಣಿನ ಆಸ್ಪತ್ರೆ ಎದ್ದಿತ್ತು. ನೆತ್ತಿಯಿಂದ ಕಾಲಿನವರೆಗೆ ಬರೀ ಗಾಜು. ಪಡುವಣದ ಬಿಸಿಲೆಲ್ಲ ಆ ಗಾಜಿಗೆ ಬಡಿದು ಈ ಹಿತ್ತಲಿಗೆ ಸುರಿಯುತ್ತಿತ್ತು.

ಜಡ್ಜು ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು ಗಾಜು ನೋಡಿದ, ಮಣ್ಣು ಮುಟ್ಟಿ ನೋಡಿದ, ಮತ್ತೆ ಗಾಜು ನೋಡಿದ. ಆಮೇಲೆ ಗಹಗಹಿಸಿ ನಗತೊಡಗಿದ. ಅಷ್ಟು ಜೋರಾಗಿ ನಗಬಲ್ಲ ಎಂಬುದು ನಾದಿನಿಗೇ ಗೊತ್ತಿರಲಿಲ್ಲ.

"ಇದನ್ನ ಮೊದ್ಲು ಗಮನಿಸಿದ್ದು ಯಾರು?"

"ನಾನು" ಎಂದಳು ಅತ್ತಿಗೆ. "ಇಲ್ಲೇ ಕೂತು ಪ್ರೂಫ್ ನೋಡೋದು. ಈ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಚುಚ್ಚತ್ತೆ. ಕಣ್ಣು ಹಾಳು ಮಾಡಿ ಗಿರಾಕಿ ಹಿಡಿಯೋ ಆಸ್ಪತ್ರೆ."

"ಎಷ್ಟು ಹೊತ್ತು ಇರತ್ತೆ? ಮೋಡ ಇದ್ರೆ? ಚಳಿಗಾಲದಲ್ಲಿ ಯಾವ ಮೂಲೆಗೆ ಬೀಳತ್ತೆ? ಪ್ರೂಫ್ ಅಂದ್ರೆ ಏನು ನೋಡೋದು?"

ಅತ್ತಿಗೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಯದಕ್ಕೆ ಉದ್ದವಾಗಿಯೇ ಕೊಟ್ಟಳು. ಆ ಕೊನೆಯ ಪ್ರಶ್ನೆಗೂ ಟೊಮೆಟೊಗೂ ಯಾವ ಸಂಬಂಧವೂ ಇಲ್ಲವೆಂಬುದು ನಾದಿನಿಗೆ ಆಗ ಹೊಳೆಯಲಿಲ್ಲ. ಅವಳು ಗೆದ್ದ ಖುಷಿಯಲ್ಲಿದ್ದಳು.

ಟೊಮೆಟೊ ಬೀಜ ಬಂತು, ಜೊತೆಗೆ ಬೀನ್ಸೂ ಬಂತು. ಕಣ್ಣಿನ ಆಸ್ಪತ್ರೆಯ ಕೃಪೆಯಿಂದ ಗಿಡಗಳು ತಲೆಕೆಟ್ಟವರಂತೆ ಬೆಳೆದವು, ಸೂರ್ಯನಿಗೆ ಬೆನ್ನು ತಿರುಗಿಸಿ ಗಾಜಿನ ಕಡೆಗೆ ಬಾಗಿಕೊಂಡು. ಜಡ್ಜು ವಾರಕ್ಕೊಮ್ಮೆ ನೋಡಲು ಬರತೊಡಗಿದ. ಅತ್ತಿಗೆಗೆ ಅಂಗಡಿಯಲ್ಲಿ ಕೆಲಸಗಳು ಹುಟ್ಟಿಕೊಂಡವು. ಇವತ್ತು ಗೊಬ್ಬರ, ನಾಳೆ ದಾರ, ನಾಡಿದ್ದು ನಿನ್ನೆ ತಂದ ದಾರ ಸರಿಯಿಲ್ಲ.

ಒಂದು ಬೆಳಿಗ್ಗೆ ನಾದಿನಿ ಹೊಸ ಶಿಷ್ಯೆಯೊಬ್ಬಳಿಗೆ, ಮದುವೆಯ ಊಟಕ್ಕೆ ಅಡುಗೆ ಮಾಡುವ ಹೆಂಗಸಿಗೆ, ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಅಂಗಡಿಯೊಳಗೆ ಅತ್ತಿಗೆ ಒಂದು ಸ್ಟೂಲಿನ ಮೇಲೆ ನಿಂತಿದ್ದಳು. ಖಾನೆಗಳ ಮೇಲಿನ ಹೆಸರು ತಿದ್ದುತ್ತಿದ್ದಳು: 'ಭದನೆ'ಯ ಸೀಳಿದ ಹೊಟ್ಟೆ ಹೊಲಿದು 'ಬದನೆ' ಮಾಡಿ, 'ಮುಲಂಗಿ'ಗೆ ದೀರ್ಘ ಎಳೆಯುತ್ತಿದ್ದಳು. ಜಡ್ಜು ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡು, ಮುಖ ಮೇಲೆತ್ತಿ ಏನೋ ಕೇಳುತ್ತಿದ್ದ.

ನಾದಿನಿ ತನ್ನ ಬದಿಯ ಬ್ರೇಕನ್ನು ಒತ್ತಿಬಿಟ್ಟಳು.

"ನಾನೇನು ತಪ್ಪು ಮಾಡ್ದೆ ಮೇಡಂ?" ಎಂದಳು ಅಡುಗೆಯವಳು, ಹಣೆ ಉಜ್ಜಿಕೊಳ್ಳುತ್ತಾ.

"ನೀವಲ್ಲ. ನಡೀರಿ."

ರಾತ್ರಿ ಊಟಕ್ಕೆ ಕೂತಾಗ ನಾದಿನಿ ತಟ್ಟೆ ಮುಟ್ಟಲಿಲ್ಲ.

"ಸ್ಟೂಲು ಅಲ್ಲಾಡ್ತಾ ಇತ್ತಾ?"

ಅತ್ತಿಗೆ ಅವಳ ಮುಖ ನೋಡಿ, ನೀರು ಕುಡಿದು, "ಇಲ್ಲ" ಎಂದಳು. "ಗಟ್ಟಿಯಾಗೇ ಇತ್ತು. ಆದ್ರೂ ಹಿಡ್ಕೊಂಡ."

"ಅತ್ತಿಗೆ!"

"ಏನೇ? ನಿನ್ನ ಗಂಡ ಅಲ್ವಲ್ಲ ಈಗ."

"ಅಲ್ಲ. ಅದಕ್ಕೇ ಅಂತ ಅವನೇ ಆಗ್ಬೇಕಾ? ಊರಲ್ಲಿ ಬೇರೆ ಗಂಡಸ್ರೇ ಇಲ್ವಾ?"

"ಬೀಜಕ್ಕೂ ಊರೆಲ್ಲ ಸುತ್ತಿ ಬಂದ್ವಲ್ಲ" ಎಂದಳು ಅತ್ತಿಗೆ. ನಗು ತಡೆದುಕೊಳ್ಳುತ್ತಿದ್ದಳು. "ಹಲ್ಲಿನ ಡಾಕ್ಟ್ರು ಒಬ್ರಿದ್ದಾರೆ, ಅವರನ್ನ ಮಾಡ್ಕೊಳ್ಲಾ?"

"ನಗ್ಬೇಡಿ. ನಾನವನನ್ನ ಏನಂತ ಕರೀಲಿ ಹೇಳಿ? ಅತ್ತಿಗೆ ಗಂಡ ಅಂದ್ರೆ ನಂಗೆ ಅಣ್ಣ! ಹಳೇ ಗಂಡನನ್ನ ಅಣ್ಣ, ಊಟಕ್ಕೆ ಬಾ ಅನ್ಲಾ?"

ಅತ್ತಿಗೆಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ನೀರು ಮೇಜಿನ ಮೇಲೆ ಬಿತ್ತು. ನಾದಿನಿಗೂ ನಗು ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಅವನು ಏನೂ ಕೇಳೋನಲ್ಲ ಅತ್ತಿಗೆ. ನಿಮಗೆ ಗೊತ್ತಿಲ್ಲ. ಗೋಡೆ ಜೊತೆ ಸಂಸಾರ ಮಾಡಿದ ಹಾಗೆ."

"ನನ್ನ ಕೇಳ್ತಾನೆ ಕಣೆ" ಎಂದಳು ಅತ್ತಿಗೆ, ಮೇಜು ಒರೆಸುತ್ತಾ. "ಕೇಳದೇ ಹೋದ್ರೆ ಟೀ ಇಲ್ಲ ಅಂತ ಮೊದಲ್ನೇ ವಾರವೇ ಹೇಳ್ಬಿಟ್ಟಿದ್ದೀನಿ. ಮನುಷ್ಯನಿಗೆ ಟೀ ಹುಚ್ಚು."

ನಾದಿನಿ ತಟ್ಟೆ ಹತ್ತಿರ ಎಳೆದುಕೊಂಡಳು. ಟೀ ನಿಲ್ಲಿಸಬಹುದು ಎಂಬುದು ಅವಳಿಗೆ ಅಷ್ಟು ವರ್ಷದಲ್ಲಿ ಒಮ್ಮೆಯೂ ತೋಚಿರಲಿಲ್ಲ.

ಮಾರನೇ ದಿನ ಮತ್ತೆ ಅಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಗಿರಾಕಿಯ ಜಾಗದಲ್ಲಿ ನಿಲ್ಲದೆ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಅವನ ಕುರ್ಚಿಯಲ್ಲೇ ಕೂತಳು. ಜಡ್ಜು ಸೌಟು ಹಿಡಿದುಕೊಂಡು ಗಿರಾಕಿಯ ಜಾಗದಲ್ಲಿ ನಿಂತ.

"ನಿನಗೆ ನಮ್ಮ ಅತ್ತಿಗೆ ಬೇಕಂತೆ."

"ಹೌದು."

"ಅವರಿಗೆ ಯಾವ ಕಿವಿ ಮಂದ?"

"ಬಲಗಿವಿ. ಅದಕ್ಕೇ ನಾನು ಎಡಗಡೆ ನಿಲ್ತೀನಿ."

"ಏನು ತಿಂದ್ರೆ ಮೈ ಕೆರೆಯತ್ತೆ?"

"ಬದನೆಕಾಯಿ. ಈಗ ನಾನೂ ತಿನ್ನೋದು ಬಿಟ್ಟಿದ್ದೀನಿ."

"ಕೆಲಸ ಮಾಡುವಾಗ ಮಾತಾಡಿಸಬಹುದಾ?"

"ಪುಟ ಮುಗಿಯೋವರೆಗೆ ಇಲ್ಲ. ಮಾತಾಡ್ಸಿದ್ರೆ ಪೆನ್ಸಿಲ್ ಎಸೀತಾರೆ. ಎಸೆದಿದ್ದಾರೆ."

ಒಂದೂ ತಪ್ಪಲಿಲ್ಲ. ಬೇಡ ಬೇಡವೆಂದುಕೊಂಡರೂ ನಾದಿನಿಯ ಬಾಯಿಂದ ಹೊರಬಿದ್ದದ್ದು ಬೇರೆಯೇ ಪ್ರಶ್ನೆ.

"ಕಾರು ಕಂಬಕ್ಕೆ ಗುದ್ದಿತ್ತಲ್ಲ, ಆವತ್ತು. ಬ್ಯಾಂಡೇಜ್ ಕಟ್ಟಿಸ್ಕೊಂಡು ಮನೆಗೆ ಬಂದೆ. ನೀನು ಬಿತ್ತನೆ ಆಲೂಗಡ್ಡೆ ಲಾರಿ ಇನ್ನೂ ಬಂದಿಲ್ಲ ಅಂದೆ. ನನ್ನ ಯಾವ ಕೈ ಮುರಿದಿತ್ತು?"

ಜಡ್ಜು ಅವಳ ಎರಡೂ ಕೈಗಳನ್ನು ನೋಡಿದ. ಊಹೆ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ.

"ಗೊತ್ತಿಲ್ಲ" ಎಂದ.

"ಎಡಗೈ."

"ಈಗ ನೋಯತ್ತಾ?"

ಅಂಗಡಿಯ ಹೊರಗೆ ಬಸ್ಸೊಂದು ಹಾರನ್ ಹೊಡೆಯಿತು. ಹೊರಡುವುದು ಇನ್ನೂ ತಡವೆಂದು ಆ ಚಾಲಕನಿಗೂ ಗೊತ್ತಿತ್ತು, ಸುಮ್ಮನೆ ಹೊಡೆದ.

"ಚಳಿ ಇದ್ದಾಗ" ಎಂದಳು ನಾದಿನಿ. ಕೈ ತಿಕ್ಕುತ್ತಾ ಎದ್ದಳು. "ಕರ್ಕೊಂಡು ಹೋಗು. ಆದ್ರೆ ಅವರ ಕುರ್ಚಿಗೆ ಬಿಸಿಲು ಚುಚ್ಚದ ಜಾಗ ನೋಡಿ ಇಡು. ಮತ್ತೆ ನಾನು ನಿನ್ನನ್ನ ಅಣ್ಣ ಗಿಣ್ಣ ಅನ್ನೋಳಲ್ಲ."

"ಮತ್ತೆ ಏನಂತೀಯ?" ಎಂದ ಜಡ್ಜು. ಈಗ ಅವನಿಗೆ ಕೇಳುವುದು ಅಭ್ಯಾಸವಾಗಿಬಿಟ್ಟಿತ್ತು.

ಅವಳು ಆಗಲೇ ಹೊಸಿಲು ದಾಟಿದ್ದಳು.

ಮದುವೆ ನೋಂದಣಿ ಕಚೇರಿಯಲ್ಲಿ ನಡೆಯಿತು. ಸಾಕ್ಷಿಗೆ ನಾದಿನಿಯೂ ಬೇಕರಿಯವನೂ ಸೈಕಲ್ ಅಂಗಡಿಯವನೂ ಬಂದಿದ್ದರು. ಬೇಕರಿಯವನು ದೊಡ್ಡದೊಂದು ಕೇಕು ತಂದಿದ್ದ. ಅದರ ಮೇಲಿನ ಅಕ್ಷರದಲ್ಲಿ ಒತ್ತೊಂದು ತಪ್ಪಿತ್ತು. ಅತ್ತಿಗೆ ನೋಡಿದಳು, ಬೆರಳು ಮಡಚಿಕೊಂಡಳು, ಒಳ್ಳೆಯ ದಿನ ಎಂದು ಬಿಟ್ಟಳು.

ಗುಮಾಸ್ತ ಕನ್ನಡಕದ ಮೇಲಿಂದ ನಾದಿನಿಯನ್ನು ನೋಡಿ, "ನೀವು ಯಾರ ಕಡೆಯವ್ರು ಮೇಡಂ? ಹೆಣ್ಣಿನ ಕಡೆಯಾ, ಗಂಡಿನ ಕಡೆಯಾ?" ಎಂದ.

"ಎರಡೂ ಕಡೆ" ಎಂದಳು.

"ಹಾಗೆಲ್ಲ ಬರಲ್ಲ. ಸಂಬಂಧ ಏನು?"

"ಹೆಣ್ಣಿಗೆ ನಾದಿನಿ. ಗಂಡಿಗೆ ಹಳೇ ಹೆಂಡತಿ."

ಗುಮಾಸ್ತ ಪೆನ್ನು ಕೆಳಗಿಟ್ಟು, ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಎದ್ದು ಹೋಗಿ ಫ್ಯಾನಿನ ವೇಗ ಹೆಚ್ಚಿಸಿ ಬಂದು ಕೂತ. ಅಷ್ಟರಲ್ಲಿ ಜಡ್ಜು ಅವನ ಮೇಜಿನ ಮೇಲೆ ಬಾಡಿ ನಿಂತಿದ್ದ ಕುಂಡದ ಗಿಡವನ್ನು ಹಿಡಿದು, "ಇದಕ್ಕೆ ನೀರು ಯಾರು ಹಾಕೋದು?" ಎಂದು ವಿಚಾರಣೆ ಶುರುಮಾಡಿದ್ದ. ಗುಮಾಸ್ತ ಹೆದರಿ, ಸಂಬಂಧದ ಜಾಗದಲ್ಲಿ 'ಬಂಧು' ಎಂದು ಬರೆದು, ಬೇಗ ಬೇಗ ಮೊಹರು ಒತ್ತಿದ.

ಹೊರಗೆ ಸ್ಕೂಲಿನ ಕಾರು ನಿಂತಿತ್ತು. ಹೊಸ ದಂಪತಿಗಳು ಕೇಕಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು, ಜಡ್ಜು ಅತ್ತಿಗೆಯ ಎಡಕ್ಕೆ. ನಾದಿನಿ ಒಬ್ಬಳೇ ಮುಂದೆ ಕೂತು, ಕನ್ನಡಿಯಲ್ಲಿ ಅವರನ್ನು ನೋಡಿದಳು.

"ನಾನೇನು ಟ್ಯಾಕ್ಸಿಯವಳಾ? ಒಬ್ರಾದ್ರೂ ಮುಂದೆ ಬನ್ನಿ" ಎಂದಳು.

ಯಾರೂ ಅಲ್ಲಾಡಲಿಲ್ಲ. ಹಿಂದೆ ಜಡ್ಜು ಏನೋ ಕೇಳುತ್ತಿದ್ದ, ಅತ್ತಿಗೆ ಏನೋ ಹೇಳುತ್ತಿದ್ದಳು. ನಾದಿನಿಗೆ ಬೇಜಾರಾಗಿತ್ತೋ ಹಗುರವಾಗಿತ್ತೋ ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಬೇಕರಿಯವನು ಓಡಿ ಬಂದು ಮುಂದಿನ ಬಾಗಿಲು ತೆಗೆದು, "ನಾನೂ ಬರ್ಲಾ ಮೇಡಂ? ದಾರಿಯಲ್ಲೇ ಇಳ್ಕೋತೀನಿ" ಎಂದ.

"ಹತ್ತಿ" ಎಂದು ಹೇಳಿ ಅವಳು ಗೇರ್ ಹಾಕಿದಳು.